ಧರ್ಮ ನೋಡಿ ಮುಚ್ಚುವ ಗಡಿ ಮತ್ತು ಮುಕ್ತ ಮಾರುಕಟ್ಟೆಯ ವಾದ

ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2017ರ ಜನವರಿ 27ರಂದು ಸಹಿ ಹಾಕಿದ ಆದೇಶವು ಇರಾನ್, ಇರಾಕ್, ಲಿಬಿಯಾ, ಸೊಮಾಲಿಯಾ, ಸುಡಾನ್, ಸಿರಿಯಾ ಮತ್ತು ಯೆಮೆನ್ ದೇಶಗಳ ಪ್ರಜೆಗಳ ಪ್ರವೇಶವನ್ನು 90 ದಿನಗಳ ಕಾಲ ತಡೆಹಿಡಿಯಿತು. ಪಟ್ಟಿಯಲ್ಲಿದ್ದದ್ದು ದೇಶಗಳ ಹೆಸರೇ ಹೊರತು ಧರ್ಮದ ಹೆಸರಲ್ಲ. ಆದರೆ ಏಳರಲ್ಲಿಯೂ ಮುಸ್ಲಿಮರೇ ಬಹುಸಂಖ್ಯಾತರು. ಮುಸ್ಲಿಮರ ಪ್ರವೇಶವನ್ನೇ ಸಂಪೂರ್ಣವಾಗಿ ನಿಲ್ಲಿಸಬೇಕೆಂದು ಟ್ರಂಪ್ 2015ರ ಡಿಸೆಂಬರಿನಲ್ಲಿ ಬಹಿರಂಗವಾಗಿ ಕರೆ ಕೊಟ್ಟಿದ್ದರು. ನಿರಾಶ್ರಿತರ ಸ್ವೀಕಾರ ಮತ್ತೆ ಆರಂಭವಾದಾಗ ತಮ್ಮ ದೇಶಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಾಗಿರುವವರಿಗೆ ಆದ್ಯತೆ ಸಿಗಬೇಕೆಂದು ಅದೇ ಆದೇಶ ಹೇಳುತ್ತಿತ್ತು.

ಈ ಆದೇಶದ ಬಗ್ಗೆ ಲಿಬರ್ಟೇರಿಯನ್ನರು, ಅಂದರೆ ಸರ್ಕಾರದ ಕೈ ಆದಷ್ಟು ಚಿಕ್ಕದಾಗಿರಬೇಕು, ಆಸ್ತಿ ಮತ್ತು ಒಪ್ಪಂದದ ಸ್ವಾತಂತ್ರ್ಯ ದೊಡ್ಡದಾಗಿರಬೇಕು ಎನ್ನುವವರು, ಯಾವ ನಿಲುವು ತಳೆಯಬೇಕು ಎಂಬುದು ನನ್ನನ್ನು ಬಹಳ ಕಾಲ ಕಾಡಿದ ಪ್ರಶ್ನೆ. ಅವರ ಎಲ್ಲ ಮಾತುಗಳೂ ನನಗೆ ಒಪ್ಪಿಗೆಯಲ್ಲ. ಸಾರ್ವಜನಿಕ ಆಸ್ಪತ್ರೆ ಮತ್ತು ಶಾಲೆಗಳ ವಿಷಯದಲ್ಲಿ ಅವರೊಂದಿಗೆ ನನಗೆ ತೀವ್ರ ಭಿನ್ನಾಭಿಪ್ರಾಯವಿದೆ. ಆದರೆ ಮನುಷ್ಯನನ್ನು ಅವನು ಹುಟ್ಟಿದ ಗುಂಪಿನಿಂದಲ್ಲದೆ ಅವನ ಸ್ವಂತ ನಡತೆಯಿಂದಲೇ ಅಳೆಯಬೇಕು ಎಂಬ ಅವರ ಮೂಲ ನಂಬಿಕೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಟೆಕ್ಸಸ್‌ನ ಕಂಪನಿಯೊಂದು ಯೆಮೆನ್‌ನ ಎಂಜಿನಿಯರೊಬ್ಬನಿಗೆ ಕೆಲಸ ಕೊಡಲು, ಅಲ್ಲಿನ ಮನೆಮಾಲೀಕನೊಬ್ಬ ಅವನಿಗೆ ಬಾಡಿಗೆಗೆ ಮನೆ ಕೊಡಲು ಸಿದ್ಧನಿರುವಾಗ, ಆತ ಯಾವ ದೇವರನ್ನು ನಂಬುತ್ತಾನೆಂಬ ಕಾರಣಕ್ಕೆ ಸರ್ಕಾರ ನಡುವೆ ಬಂದು ನಿಲ್ಲುವುದಕ್ಕೆ ಈ ಸಿದ್ಧಾಂತದಲ್ಲಿ ಎಡೆಯಿರಬಾರದು.

ವಾಷಿಂಗ್ಟನ್ನಿನ ಲಿಬರ್ಟೇರಿಯನ್ ಚಿಂತನಾ ಸಂಸ್ಥೆಯಾದ ಕೇಟೋ ಇನ್‌ಸ್ಟಿಟ್ಯೂಟ್‌ನ ವಿದ್ವಾಂಸರು ಈ ದಾರಿಯಲ್ಲಿಯೇ ನಿಂತರು. ಅಲ್ಲಿನ ಅಲೆಕ್ಸ್ ನೌರಾಸ್ತೆ 1975ರಿಂದ 2015ರವರೆಗಿನ ಭಯೋತ್ಪಾದಕ ದಾಳಿಗಳನ್ನು ಲೆಕ್ಕ ಹಾಕಿ, ವಿದೇಶದಲ್ಲಿ ಹುಟ್ಟಿದ ಭಯೋತ್ಪಾದಕನ ಕೈಯಲ್ಲಿ ಅಮೆರಿಕದ ನೆಲದ ಮೇಲೆ ಒಬ್ಬ ವ್ಯಕ್ತಿ ಸಾಯುವ ಸಂಭವ ವರ್ಷಕ್ಕೆ ಸುಮಾರು 36 ಲಕ್ಷದಲ್ಲಿ ಒಂದು ಎಂದು ತೋರಿಸಿದರು. ಆ ನಲವತ್ತು ವರ್ಷಗಳಲ್ಲಿ, ಆದೇಶ ಹೆಸರಿಸಿದ ಏಳು ದೇಶಗಳ ಪ್ರಜೆಗಳು ಅಲ್ಲಿ ನಡೆಸಿದ ದಾಳಿಗಳಲ್ಲಿ ಸತ್ತವರು ಒಬ್ಬರೂ ಇರಲಿಲ್ಲ.

ಆದರೆ ಇದೇ ಪಂಥದೊಳಗೆ ಎದುರು ದಿಕ್ಕಿನಲ್ಲಿ ಹರಿಯುವ ಇನ್ನೊಂದು ಧಾರೆಯಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಮರ್ರೆ ರಾತ್‌ಬಾರ್ಡ್ ತಮ್ಮ ಕೊನೆಯ ವರ್ಷಗಳಲ್ಲಿ, ಸೋವಿಯತ್ ಆಡಳಿತವು ಎಸ್ಟೋನಿಯಾ ಮತ್ತು ಲಾಟ್ವಿಯಾಗಳಿಗೆ ರಷ್ಯನ್ನರನ್ನು ತಂದು ತುಂಬಿದ್ದನ್ನು ಕಂಡು, ಮುಕ್ತ ವಲಸೆಯ ಪರವಾದ ತಮ್ಮ ಹಳೆಯ ನಿಲುವನ್ನು ಬಿಟ್ಟರು. ಅವರ ಹಾದಿಯ ಚಿಂತಕ ಹಾನ್ಸ್-ಹೆರ್ಮನ್ ಹೊಪ್ಪೆ ಅದನ್ನು ಪೂರ್ಣ ಸಿದ್ಧಾಂತವಾಗಿ ಕಟ್ಟಿದರು. ಎಲ್ಲ ನೆಲವೂ ಖಾಸಗಿಯಾಗಿದ್ದರೆ ಮಾಲೀಕನ ಆಹ್ವಾನವಿಲ್ಲದೆ ಯಾರೂ ಎಲ್ಲಿಗೂ ಕಾಲಿಡಲಾರರು. ಇಂದು ರಸ್ತೆ, ಉದ್ಯಾನಗಳು ಸರ್ಕಾರದ ವಶದಲ್ಲಿರುವುದರಿಂದ, ತೆರಿಗೆದಾರರ ಪರವಾಗಿ ಸರ್ಕಾರವೇ ಆ ಮಾಲೀಕನ ಎಚ್ಚರ ವಹಿಸಬೇಕು ಎನ್ನುವುದು ಅವರ ವಾದದ ತಿರುಳು. ಸರಕು ತಾನಾಗಿ ಬರುವುದಿಲ್ಲ, ಕೊಳ್ಳುವವನು ಕರೆಸಿಕೊಂಡಾಗ ಮಾತ್ರ ಬರುತ್ತದೆ, ಮನುಷ್ಯ ಹಾಗಲ್ಲ ಎಂಬ ಕಾರಣದಿಂದ ಅವರು ಮುಕ್ತ ವ್ಯಾಪಾರವನ್ನೂ ನಿರ್ಬಂಧಿತ ವಲಸೆಯನ್ನೂ ಒಟ್ಟಿಗೆ ಸಮರ್ಥಿಸಿದರು.

ಈ ವಾದ ಗಟ್ಟಿಯಾಗಿದೆ ಎಂದು ಮೊದಲ ಓದಿಗೆ ಅನ್ನಿಸುತ್ತದೆ. ಆದರೆ ಇದನ್ನೇ 2017ರ ಆದೇಶಕ್ಕೆ ಹಚ್ಚಿ ನೋಡಿದರೆ ವಾದವೇ ಆದೇಶವನ್ನು ತಳ್ಳಿಹಾಕುತ್ತದೆ. ವಿಮಾನ ನಿಲ್ದಾಣಗಳಲ್ಲಿ ತಡೆಯಲ್ಪಟ್ಟವರು ಕರೆಯದೆ ಬಂದವರಾಗಿರಲಿಲ್ಲ; ಕೈಯಲ್ಲಿ ವೀಸಾ ಹಿಡಿದು, ವಿಶ್ವವಿದ್ಯಾಲಯದ ಸೀಟು, ಕಂಪನಿಯ ನೇಮಕ ಅಥವಾ ಗಂಡ-ಹೆಂಡತಿ, ಮಕ್ಕಳ ಕರೆಯ ಮೇರೆಗೆ ಬಂದವರಾಗಿದ್ದರು. ಹೊಪ್ಪೆಯವರ ನಿಯಮದ ಪ್ರಕಾರವೇ ಅವರು ಆಹ್ವಾನಿತರು. ಮೇಲಾಗಿ ರಸ್ತೆಗಳು ತೆರಿಗೆದಾರರೆಲ್ಲರ ಸೊತ್ತು ಎನ್ನುವುದಾದರೆ ಅಮೆರಿಕದ ಮುಸ್ಲಿಂ ಪ್ರಜೆಯೂ ಅದರ ಪಾಲುದಾರನೇ ಆಗುತ್ತಾನೆ; ಅವನು ತಾಯಿಗೆ ಕೊಟ್ಟ ಕರೆಯನ್ನು ಮಿಕ್ಕ ಪಾಲುದಾರರು ಆಕೆಯ ಧರ್ಮದ ಕಾರಣಕ್ಕೆ ರದ್ದುಮಾಡಬಹುದಾದರೆ, ಅಲ್ಲಿ ಉಳಿದಿರುವುದು ಆಸ್ತಿಯ ಹಕ್ಕಲ್ಲ, ಬಹುಮತದ ಇಚ್ಛೆ.

ಮುಕ್ತ ಮಾರುಕಟ್ಟೆಯ ಪರವಾದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ ಅವರ ತರ್ಕ ಬೇರೆ ಬಗೆಯದು. ಸರ್ಕಾರವು ಎಲ್ಲರಿಗೂ ಕಲ್ಯಾಣ ಸವಲತ್ತು ಕೊಡುತ್ತಿರುವವರೆಗೆ ಮುಕ್ತ ವಲಸೆ ಸಾಧ್ಯವಿಲ್ಲ ಎಂದು ಅವರು ಹೇಳಿದ್ದರು. ಇದರಲ್ಲಿ ಧರ್ಮದ ಸೊಲ್ಲೇ ಇಲ್ಲ. 1996ರ ಕಾನೂನಿನ ನಂತರ ಹೊಸದಾಗಿ ಬಂದ ಗ್ರೀನ್‌ಕಾರ್ಡ್‌ದಾರರಲ್ಲಿ, ಅಂದರೆ ಕಾಯಂ ವಾಸದ ಪರವಾನಗಿ ಪಡೆದವರಲ್ಲಿ, ಹೆಚ್ಚಿನವರಿಗೆ, ಬಡವರಿಗೆಂದು ಇರುವ ಕೇಂದ್ರ ಸರ್ಕಾರದ ಪ್ರಮುಖ ಸವಲತ್ತುಗಳು ಮೊದಲ ಐದು ವರ್ಷ ಸಿಗುವುದೂ ಇಲ್ಲ.

ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡುವವರು ವಿಯೆನ್ನಾದಲ್ಲಿ ಬೆಳೆದ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್. 1978ರಲ್ಲಿ, ಆಗ ಬ್ರಿಟನ್ನಿನ ವಿರೋಧ ಪಕ್ಷದ ನಾಯಕಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ವಲಸೆ ನಿಯಂತ್ರಣದ ಪರವಾಗಿ ಮಾತನಾಡಿದಾಗ, ಹಯೆಕ್ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು ಅವರನ್ನು ಬೆಂಬಲಿಸಿದರು. ತಮ್ಮ ಬಾಲ್ಯದ ವಿಯೆನ್ನಾದಲ್ಲಿ ನೆಲೆನಿಂತ ಯಹೂದಿ ಕುಟುಂಬಗಳಿಗೆ ಗೌರವವಿತ್ತೆಂದೂ, ಮೊದಲ ಮಹಾಯುದ್ಧದ ಕಾಲಕ್ಕೆ ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ ಪೂರ್ವ ಪ್ರಾಂತವಾದ ಗಲೀಷಿಯಾ ಮತ್ತು ಪೋಲೆಂಡಿನಿಂದ ನೋಟಕ್ಕೇ ಬೇರೆಯಾಗಿ ಕಾಣುವ ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬಂದ ಮೇಲೆ ಜನರ ಮನೋಭಾವ ಬದಲಾಯಿತೆಂದೂ ಅವರು ನೆನಪಿಸಿಕೊಂಡರು. ದ್ವೇಷ ಹೇಗೆ ಬೆಳೆಯಿತೆಂಬ ಸಾಕ್ಷ್ಯವಾಗಿ ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದ್ವೇಷಿಸಿದವರ ತಪ್ಪಿನ ದಂಡವನ್ನು ಓಡಿ ಬಂದವರ ತಲೆಗೆ ಕಟ್ಟುವುದು, ಹೊಣೆಗಾರಿಕೆ ವ್ಯಕ್ತಿಯದು ಎಂದು ಬದುಕಿಡೀ ಬೋಧಿಸಿದ ಚಿಂತಕನಿಗೆ ಹೇಗೆ ಒಪ್ಪಿಗೆಯಾಯಿತೋ ನನಗೆ ಅರ್ಥವಾಗಿಲ್ಲ. ಅದೇ ಯಹೂದಿಗಳಿಗೆ ಅಮೆರಿಕದ ಬಾಗಿಲು ಮುಚ್ಚಿದ್ದು 1924ರ ವಲಸೆ ಕಾಯ್ದೆ. ಅಲ್ಲಿಯೂ ಧರ್ಮದ ಹೆಸರಿರಲಿಲ್ಲ, ಪೂರ್ವ ಯುರೋಪಿನ ದೇಶಗಳಿಗೆ ತೀರ ಕಡಿಮೆ ಕೋಟಾ ಮಾತ್ರವಿತ್ತು. 1939ರಲ್ಲಿ 900ಕ್ಕೂ ಹೆಚ್ಚು ಯಹೂದಿಗಳನ್ನು ಹೊತ್ತು ಬಂದ ಸೇಂಟ್ ಲೂಯಿಸ್ ಹಡಗು ಕ್ಯೂಬಾ ಮತ್ತು ಅಮೆರಿಕಗಳಲ್ಲಿ ಆಶ್ರಯ ಸಿಗದೆ ಯುರೋಪಿಗೆ ಮರಳಿತು. ಹಾಗೆ ಮರಳಿದವರಲ್ಲಿ 254 ಮಂದಿ ಮುಂದೆ ನಾಜಿಗಳ ನರಮೇಧಕ್ಕೆ ಬಲಿಯಾದರು.

ಭಾರತೀಯರನ್ನು ಹೊರಗಿಟ್ಟ ನಿಯಮವೂ ಧರ್ಮದ ಮಾತಿಲ್ಲದೆ, ಭೂಪಟದ ಮೇಲೆ ಗೆರೆ ಎಳೆದೇ ಬಂದಿತ್ತು. 1917ರ ಕಾಯ್ದೆ ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಗುರುತಿಸಿತು. 1946ರಲ್ಲಿ ಭಾರತಕ್ಕೆ ವರ್ಷಕ್ಕೆ ನೂರು ಮಂದಿಯ ಕೋಟಾ ಸಿಕ್ಕಿತು. ಮೂಲದೇಶದ ಆಧಾರದ ಕೋಟಾಗಳನ್ನು 1965ರ ಕಾಯ್ದೆ ತೆಗೆದುಹಾಕಿದ ಮೇಲೆಯೇ ಕನ್ನಡಿಗ ವೈದ್ಯರೂ ಎಂಜಿನಿಯರುಗಳೂ ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋಗಿ ನೆಲೆಸಿದ್ದು. ಅಲ್ಲಿರುವ ನಮ್ಮವರಲ್ಲಿ ಕೆಲವರು 2017ರ ಆದೇಶವನ್ನು ಸಮರ್ಥಿಸಿ ಬರೆದಾಗ ನನಗೆ ನೋವಾದದ್ದು ಈ ಕಾರಣಕ್ಕೆ.

ಎರಡು ಬಾರಿ ಮಾರ್ಪಾಟು ಹೊಂದಿದ ಆ ನಿರ್ಬಂಧವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2018ರ ಜೂನ್ 26ರಂದು 5-4ರ ಬಹುಮತದಿಂದ ಎತ್ತಿಹಿಡಿಯಿತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದ ತೀರ್ಪು, ಅಧ್ಯಕ್ಷರು ಹಿಂದೆ ಆಡಿದ ಮಾತುಗಳಿಗಿಂತ ಆದೇಶದಲ್ಲಿ ಬರೆದಿದ್ದ ಭದ್ರತೆಯ ಕಾರಣಕ್ಕೆ ಹೆಚ್ಚು ತೂಕ ಕೊಟ್ಟಿತು. ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ತಮ್ಮ ಭಿನ್ನಮತದಲ್ಲಿ ಆ ಮಾತುಗಳನ್ನು ಒಂದೊಂದಾಗಿ ಉದ್ಧರಿಸಿದರು. ಅಂಗಡಿಗೆ ಪರವಾನಗಿ ಕೇಳುವ, ಆಮದಿಗೆ ಸುಂಕ ಹಾಕುವ ಸರ್ಕಾರವು ಸಾರ್ವಜನಿಕ ಹಿತದ ಹೆಸರು ಹೇಳಿದಾಗ ಲಿಬರ್ಟೇರಿಯನ್ನರು ಅದರ ಹಿಂದಿನ ನಿಜವಾದ ಉದ್ದೇಶವನ್ನು ಕೆದಕಿ ನೋಡುತ್ತಾರೆ. ಅದೇ ಸರ್ಕಾರ ಗಡಿಯಲ್ಲಿ ನಿಂತು ಭದ್ರತೆಯ ಹೆಸರು ಹೇಳಿದಾಗಲೂ ಅವರೆಲ್ಲರೂ ಅಷ್ಟೇ ನಿಷ್ಠುರವಾಗಿ ಕೆದಕಬೇಕೆಂದು ನಾನು ಕೇಳುತ್ತಿದ್ದೇನೆ.