ಸಾವಿರ ಜಾಗಗಳ ಪುಸ್ತಕದಲ್ಲಿ ನಮಗಾಗಿ ಬರೆಯದ ಸಾಲುಗಳು

ಪ್ಯಾಟ್ರಿಷಿಯಾ ಶುಲ್ಟ್ಜ್ ಅವರ ‘ಒನ್ ಥೌಸಂಡ್ ಪ್ಲೇಸಸ್ ಟು ಸೀ ಬಿಫೋರ್ ಯು ಡೈ’ ಮೊದಲು ಬಂದದ್ದು 2003ರಲ್ಲಿ. ಪರಿಷ್ಕೃತ ಆವೃತ್ತಿ 2011ರಲ್ಲಿ. ವರ್ಷಕ್ಕೆ ಇಪ್ಪತ್ತು ಜಾಗ ಸುತ್ತಿದರೂ ಮುಗಿಸೋಕೆ ಐವತ್ತು ವರ್ಷ ಬೇಕು. ಹಾಗಾಗಿ ಇದನ್ನು ಆಯ್ಕೆಗೆ ಇಟ್ಟುಕೊಳ್ಳಿ, ಪ್ರವಾಸದ ಯೋಜನೆಗಲ್ಲ. ಪ್ರತಿ ಜಾಗದ ವಿವರದ ಕೊನೆಯಲ್ಲಿರುವ ಬೆಲೆ, ಫೋನ್ ನಂಬರ್‌ಗಳ ಮೇಲೆ ಪೆನ್ಸಿಲ್‌ನಲ್ಲಿ ಗೀಟು ಎಳೆದುಬಿಡಿ, ಅವು ಹಳಸುತ್ತವೆ. ಯಾವ ತಿಂಗಳು ಒಳ್ಳೆಯದು ಎನ್ನುವ ಸಾಲು ಮಾತ್ರ ಅಷ್ಟು ಬೇಗ ಹಳಸುವುದಿಲ್ಲ.

ಪುಸ್ತಕ ಬರೆದಿರುವುದು ಅಮೆರಿಕದ ಓದುಗರಿಗೆ. ನಮ್ಮ ಪಾಸ್‌ಪೋರ್ಟಿಗೆ ಬೇಕಾದ ಸಾಲುಗಳನ್ನು ಅಂಚಿನಲ್ಲಿ ನಾವೇ ಬರೆದುಕೊಳ್ಳಬೇಕು. ಪೆರು ದೇಶದ ಬೆಟ್ಟದ ಮೇಲಿರುವ ಇಂಕಾ ಜನರ ಹಳೆಯ ಊರು ಮಾಚು ಪಿಚುವನ್ನೇ ನೋಡಿ.

ವಿಮಾನ ಇಳಿಯುವ ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ ಎರಡು ಸಾವಿರವನ್ನೂ ಮುಟ್ಟುವುದಿಲ್ಲ. ಇಳಿದ ದಿನವೇ ಕುಸ್ಕೊ ಸುತ್ತಲು ಹೊರಟರೆ ತಲೆನೋವು, ವಾಕರಿಕೆ ಹಿಡಿದುಕೊಳ್ಳಬಹುದು. ಅವತ್ತೇ ಟ್ಯಾಕ್ಸಿ ಹಿಡಿದು ಸುಮಾರು 2,800 ಮೀಟರ್‌ನಲ್ಲಿರುವ ಒಯ್ಯಾಂತಾಯ್ಟಾಂಬೊಗೆ ಇಳಿದುಬಿಡಿ. ಕುಸ್ಕೊ ವಾಪಸ್ ಬರುವಾಗ ನೋಡಿದರಾಯಿತು. ಒಯ್ಯಾಂತಾಯ್ಟಾಂಬೊದಿಂದ ಬೆಟ್ಟದ ಬುಡದ ಊರು ಅಗ್ವಾಸ್ ಕಾಲಿಯೆಂತೆಸ್‌ವರೆಗೆ ರೈಲು, ಆಮೇಲೆ ಆಗುಂಬೆ ಘಾಟಿಯಂಥ ತಿರುವುಗಳಲ್ಲಿ ಅರ್ಧ ಗಂಟೆ ಬಸ್ಸು. ಮಾಚು ಪಿಚು ಇರುವುದು 2,430 ಮೀಟರ್‌ನಲ್ಲಿ, ಅಂದರೆ ಕುಸ್ಕೊಗಿಂತ ಕೆಳಗೆ!

ಪ್ರವೇಶ ಟಿಕೆಟ್ ಮೇಲೆ ದಿನ, ಗಂಟೆ, ನಡೆಯುವ ಮಾರ್ಗ ಮೂರೂ ಇರುತ್ತವೆ. ಒಳಗೆ ಹೋದಮೇಲೆ ಮಾರ್ಗ ಬದಲಿಸಲು ಬಿಡುವುದಿಲ್ಲ. ಎಲ್ಲರ ಫೋಟೊದಲ್ಲೂ ಕಾಣುವ ಆ ನೋಟ ಬೇಕಿದ್ದರೆ ಒಂದನೇ ಅಥವಾ ಎರಡನೇ ಮಾರ್ಗ ತೆಗೆದುಕೊಳ್ಳಿ. ಶೌಚಾಲಯ ಇರುವುದು ಗೇಟಿನ ಹೊರಗೆ ಮಾತ್ರ. ನಡೆದೇ ಹೋಗುವ ಇಂಕಾ ಟ್ರೇಲ್‌ಗೆ ದಿನಕ್ಕೆ 500 ಜನರಿಗಷ್ಟೇ ಪರ್ಮಿಟ್; ಅದರಲ್ಲೇ ಮೂಟೆ ಹೊರುವವರೂ ಗೈಡ್‌ಗಳೂ ಸೇರುತ್ತಾರೆ. ಫೆಬ್ರವರಿಯಲ್ಲಿ ಆ ದಾರಿ ಬಂದ್. ಆದ್ದರಿಂದ ಮೊದಲು ಪ್ರವೇಶ ಟಿಕೆಟ್, ಆಮೇಲೆ ರೈಲು, ಕೊನೆಗೆ ವಿಮಾನ. ಈ ಕ್ರಮ ತಲೆಕೆಳಗಾದಾಗಲೇ ಎಡವಟ್ಟಾಗುವುದು.

ಗೇಟಿನಲ್ಲಿ ಟಿಕೆಟಿನ ಹೆಸರನ್ನೂ ಪಾಸ್‌ಪೋರ್ಟನ್ನೂ ತಾಳೆ ನೋಡುತ್ತಾರೆ. ನಮ್ಮ ಕಡೆ ಇನಿಷಿಯಲ್ ಒಂದು ಕಡೆ ಬಿಡಿಸಿ ಬರೆದಿರುತ್ತದೆ, ಇನ್ನೊಂದು ಕಡೆ ಒಂದೇ ಅಕ್ಷರ. ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಸರ್‌ನೇಮ್ ಜಾಗವೇ ಖಾಲಿ. ಆಧಾರ್ ನೋಡಿ ತುಂಬಬೇಡಿ, ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ತುಂಬಿ. ಹೆಸರಿನಲ್ಲಿ ಎರಡು ಪದ ಇದ್ದು ಫಾರಂ ಸರ್‌ನೇಮ್ ಕೇಳಿದರೆ ಕೊನೆಯ ಪದವನ್ನು ಅಲ್ಲಿ ಹಾಕಿ, ರೈಲಿಗೂ ಅದನ್ನೇ ಹಾಕಿ.

ಯುರೋಪಿನ ಪುಟಗಳಿಗೆ ಬಂದರೆ, ಅಲ್ಲಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಹೆಚ್ಚು ದಿನ ತಂಗುವ ದೇಶಕ್ಕೇ ಅರ್ಜಿ. ವಿಮೆ ಕನಿಷ್ಠ 30,000 ಯೂರೋ. ಆಮ್‌ಸ್ಟರ್‌ಡ್ಯಾಮಿನ ಆನ್ ಫ್ರಾಂಕ್ ಮನೆಯ ಟಿಕೆಟ್ ಆನ್‌ಲೈನ್‌ನಲ್ಲಷ್ಟೇ ಸಿಗುವುದು, ಆರು ವಾರ ಮುಂಚಿನ ಮಂಗಳವಾರ ಬಿಡುತ್ತಾರೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ, ನಮ್ಮ ತಾಜ್‌ಗೆ ಶುಕ್ರವಾರ.

ಮತ್ತೆ ಪೆರುವಿಗೆ. ಪೆರು, ಬ್ರೆಜಿಲ್, ಕೆನ್ಯಾದಂಥ ದೇಶಗಳಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದಿಳಿದರೆ ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆಯ ಪತ್ರ ತೋರಿಸಬೇಕು. ಇಲ್ಲದಿದ್ದರೆ ಆರು ದಿನದವರೆಗೂ ಕ್ವಾರಂಟೈನ್‌ನಲ್ಲಿ ಇಡಬಹುದು. ಹೋಗುವಾಗ ಯಾರೂ ಕೇಳದೆ, ಬರುವಾಗ ನಮ್ಮವರೇ ಕೇಳುವುದೂ ಉಂಟು. ಒಂದೇ ಡೋಸ್, ಜೀವಮಾನವಿಡೀ ಸಾಕು. ಆದರೆ ಪತ್ರ ಮಾನ್ಯವಾಗುವುದು ಚುಚ್ಚಿಸಿಕೊಂಡ 10 ದಿನಗಳ ಮೇಲೆ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಆದ್ದರಿಂದ ಒಂದು ತಿಂಗಳು ಮುಂಚೆಯೇ ವಿಚಾರಿಸಿ. ಮೊಟ್ಟೆಯ ಅಲರ್ಜಿ ಇದ್ದರೆ ಮೊದಲೇ ಹೇಳಿ. ಲಸಿಕೆಯ ಪತ್ರವಾದ ಆ ಹಳದಿ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ, ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ. ಕೇಳುವುದು ಬ್ಯಾಗು ಬೆಲ್ಟಿಗೆ ಬರುವ ಮೊದಲೇ.