ಬಿಒಕ್ಯೂನಲ್ಲಿ ಕತ್ತಲೆಗೆ ಐಟಂ ಇರ್ಲಿಲ್ಲ

ಲೈಟಿಂಗ್ ಕಾಂಟ್ರ್ಯಾಕ್ಟ್ ಕೆಲಸದಲ್ಲಿ ಕ್ಲೈಂಟ್ ಬೈಯೋದು ಯಾವಾಗ್ಲೂ ಒಂದೇ ವಿಷಯಕ್ಕೆ, ಬೆಳಕು ಸಾಲ್ತಿಲ್ಲ ಅಂತ. ಆಫೀಸು, ಕಲ್ಯಾಣ ಮಂಟಪ, ಜಿಮ್ಮು, ಎಲ್ಲಾ ಕಡೆ ಅದೇ. ಕತ್ತಲೆ ಸರಿಯಾಗಿ ಬರ್ತಿಲ್ಲ ಅಂತ ಸ್ನ್ಯಾಗ್ ಲಿಸ್ಟ್ (ಸರಿಮಾಡ್ಬೇಕಾದ ತಪ್ಪುಗಳ ಪಟ್ಟಿ) ತಂದಿದ್ದು ನಮ್ಮ ಕಂಪನೀಲಿ ನಾನೊಬ್ಬನೇ ಇರಬೇಕು.

ಸೈಟು ಬೆಂಗಳೂರಲ್ಲೇ, ಫ್ರೀಮೇಸನ್‌ಗಳು, ಅಂದ್ರೆ ತಮ್ಮದೇ ವಿಧಿ, ಪ್ರಮಾಣ ಇಟ್ಕೊಂಡಿರೋ ಒಂದು ಹಳೇ ಸಂಘದವರು, ಸೇರೋ ಒಂದು ಹಳೇ ಲಾಡ್ಜ್ ಕಟ್ಟಡ. ತಂಗೋ ಲಾಡ್ಜ್ ಅಲ್ಲ, ಅವರ ಸಭೆ ನಡೆಯೋ ಜಾಗ. ರೀವೈರಿಂಗು, ಎಲ್ಇಡಿ, ಡಿಮ್ಮರ್, ಫೈರ್ ಡಿಪಾರ್ಟ್‌ಮೆಂಟಿನ ಎನ್ಒಸಿಗೆ ಬೇಕಾದ ಎಮರ್ಜೆನ್ಸಿ ಲೈಟು, ಇಷ್ಟು ನಮ್ಮ ಸ್ಕೋಪು, ಬಿಒಕ್ಯೂ ಅಂದ್ರೆ ಕೆಲಸ, ಸಾಮಾನಿನ ಪಟ್ಟೀಲೂ ಇಷ್ಟೇ. ನಮ್ಮ ಹೆಲ್ಪರ್ ಬಿಹಾರದ ಹುಡುಗ, ಹಾಲಲ್ಲಿ ಕಪ್ಪು ಬಿಳಿ ಚೌಕದ ನೆಲ ನೋಡಿದ್ದೇ ತಡ ಇದು ಜಾದೂಘರ್, ಮಾಟದ ಮನೆ ಅಂತ ಏಣಿ ಹತ್ತಕ್ಕೇ ಹಿಂದೆಮುಂದೆ ನೋಡಿದ. ಉತ್ತರ ಭಾರತದ ಕಡೆ ಬ್ರಿಟಿಷರ ಕಾಲದಿಂದ ಜನ ಲಾಡ್ಜ್‌ಗೆ ಹಾಗೇ ಅಂತಿದ್ರು. ನಾನು ಅವನನ್ನ ನೋಡಿ ನಕ್ಕೆ, ಆದ್ರೆ ನನ್ನ ತಲೇಲೂ ಇದ್ದಿದ್ದು ಅದೇ, ಇವರದ್ದೆಲ್ಲ ಗುಟ್ಟು, ಒಳಗೆ ಏನ್ ಮಾಡ್ತೀರ ಅಂತ ಕೇಳಿದ್ರೆ ಬೇಜಾರಾಗ್ತಾರೆ, ನಾವು ನಮ್ಮ ಕೆಲಸ ಮುಗಿಸಿ ಬಿಲ್ ಹಾಕೋಣ ಅಂತ.

ಅವರ ಕಡೆಯಿಂದ ಓಡಾಡ್ತಿದ್ದವರು ರಿಟೈರ್ಡ್ ಕರ್ನಲ್ ಒಬ್ರು, ಬಹಳ ಸಾವಧಾನದ ಮನುಷ್ಯ. ಹಾಲಲ್ಲಿ ಮೂರು ಪೀಠ. ಪೂರ್ವಕ್ಕೆ ಲಾಡ್ಜಿನ ಮುಖ್ಯಸ್ಥ ಮಾಸ್ಟರ್, ಪಶ್ಚಿಮಕ್ಕೆ ಸೀನಿಯರ್ ವಾರ್ಡನ್, ದಕ್ಷಿಣಕ್ಕೆ ಜೂನಿಯರ್ ವಾರ್ಡನ್, ಒಬ್ಬೊಬ್ಬರ ಹತ್ರ ಒಂದೊಂದು ಕ್ಯಾಂಡಲ್ ಸ್ಟ್ಯಾಂಡು. ನಮ್ಮ ಸೇಲ್ಸ್ ಮಹಾಶಯ ಫೋಟೋ ನೋಡಿ ರೂಮಿಗೆ ನಾಲ್ಕು ಗೋಡೆ ಅಲ್ವಾ ಅಂತ ನಾಲ್ಕು ಸ್ಪಾಟ್ ಲೈಟ್ ಕೋಟ್ ಮಾಡಿದ್ದ. ಕರ್ನಲ್ ಒಂದನ್ನ ಪೆನ್ನಲ್ಲಿ ಹೊಡೆದು, "ಉತ್ತರಕ್ಕೆ ನಮ್ಮಲ್ಲಿ ದೀಪ ಇಲ್ಲಪ್ಪ, ಅದು ಕತ್ತಲೆ ದಿಕ್ಕು" ಅಂದ್ರು. ಸೂರ್ಯ ಪೂರ್ವ, ದಕ್ಷಿಣ, ಪಶ್ಚಿಮ ಸುತ್ತಿ ಹೋಗ್ತಾನೆ, ಉತ್ತರಕ್ಕೆ ಬರಲ್ಲ ಅನ್ನೋ ಲೆಕ್ಕ. ನಡುಮಧ್ಯಾಹ್ನದ ಲೆಕ್ಕಕ್ಕೆ ಲಂಡನ್‌ಗೆ ಅದು ಸರಿ. ನಮ್ಮ ಬೆಂಗಳೂರಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೂ ನಡುಮಧ್ಯಾಹ್ನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರ್ತಾನೆ, ಅದನ್ನ ಅವರಿಗೆ ಹೇಳಕ್ಕೆ ಹೋಗ್ಲಿಲ್ಲ, ಒಂದು ಸ್ಪಾಟ್ ದುಡ್ಡು ಹೋಯ್ತಲ್ಲ ಅಂತ ಮಾತ್ರ ಅನ್ಕೊಂಡೆ. ಅವತ್ತೇ "ಸರ್, ಇನ್ನೆಲ್ಲೆಲ್ಲಿ, ಯಾವ್ಯಾವಾಗ ಬೆಳಕು ಬೇಡ?" ಅಂತ ಒಂದು ಮಾತು ಕೇಳಿದ್ರೆ ಆಗಿತ್ತು.

ಕಮಿಷನಿಂಗ್, ಅಂದ್ರೆ ಎಲ್ಲಾ ಚಾಲೂ ಮಾಡಿ ಪರೀಕ್ಷೆ, ಆದ್ಮೇಲೆ ಕರ್ನಲ್ ಫೋನ್ ಮಾಡಿದ್ರು, ಸ್ವಿಚ್ ಆಫ್ ಮಾಡಿದ್ರೂ ಲೈಟು ಮಿಣಮಿಣ ಅಂತಿದೆ ಅಂತ. ಗೋಸ್ಟ್ ಗ್ಲೋ, ಸ್ವಿಚ್‌ನ ಇಂಡಿಕೇಟರ್ ನಿಯಾನ್ ಮೂಲಕ ಚೂರು ಕರೆಂಟ್ ಹರಿದು ಡ್ರೈವರ್‌ಗೆ, ಅಂದ್ರೆ ಎಲ್ಇಡಿಗೆ ಕರೆಂಟ್ ಕೊಡೋ ಸರ್ಕ್ಯೂಟಿಗೆ, ಹೋಗ್ತಿರತ್ತೆ, ದಿನಾ ನೋಡೋ ಕೇಸು. ನಾನು ಏನಂದೆ ಗೊತ್ತಾ, "ಅಷ್ಟು ಬೆಳಕು ಯಾರ ಕಣ್ಣಿಗೂ ಬೀಳಲ್ಲ ಸರ್." ಅವರು ಸುಮ್ಮನಾದ್ರು. ಬೀಳಲ್ಲ ಅಂದಿದ್ದು ನಾನು, ಆ ಹಾಲಲ್ಲಿ ಎಲ್ಲಾ ದೀಪ ಆರಿಸಿ ಕೂತು ನೋಡಿದ್ದು ಅವರು.

ಹೊಸ ಲೈಟಿಂಗ್ ಆದ್ಮೇಲಿನ ಮೊದಲನೇ ಮೀಟಿಂಗ್ ದಿನ ಸ್ಟ್ಯಾಂಡ್‌ಬೈ ಇರಿ ಅಂದಿದ್ರು. ಮೆಂಬರ್ ಅಲ್ಲದೋರು ಒಳಗೆ ಹೋಗೋ ಹಾಗಿಲ್ಲ, ಹಾಗಾಗಿ ಹೊರಗೆ ಟೈಲರ್ ಪಕ್ಕ ಒಂದು ಕುರ್ಚಿ. ಬಟ್ಟೆ ಹೊಲಿಯೋ ಟೈಲರ್ ಅಲ್ಲ, ಬಾಗಿಲು ಕಾಯೋರು, ಕೈಯಲ್ಲಿ ನಿಜವಾದ ಕತ್ತಿ. ವಯಸ್ಸಾದವರು, "ಊಟ ಆಯ್ತೇನಪ್ಪಾ" ಅಂತ ವಿಚಾರಿಸಿದ್ರು. ಒಳಗೆ ಸುತ್ತಿಗೆ ಬಡಿಯೋ ಸದ್ದು, ಆಮೇಲೆ ಪೂರ್ತಿ ನಿಶ್ಶಬ್ದ. ಬಾಗಿಲ ಕೆಳಗೆ ಕಾಣ್ತಿದ್ದ ಹಳದಿ ಗೆರೆ ಹೋಯ್ತು. ಮರುಕ್ಷಣವೇ ಅದೇ ಜಾಗದಲ್ಲಿ ಬೆಳ್ಳಗೆ ಕಣ್ಣು ಕುಕ್ಕೋ ಗೆರೆ ಬಂತು, ಜೊತೆಗೆ ಬೀಪ್ ಬೀಪ್ ಬೀಪ್.

ನನಗೆ ಕೂತಲ್ಲೇ ಅರ್ಥ ಆಯ್ತು. ಮಿಣುಕು ಹೋಗ್ಲಿ ಅಂತ ಯಾರೋ ಸ್ವಿಚ್ ಬಿಟ್ಟು ಬೋರ್ಡಿನ ಬ್ರೇಕರ್, ಎಂಸಿಬಿನೇ ಇಳಿಸಿದ್ದಾರೆ, ಸರ್ಕ್ಯೂಟ್‌ನಲ್ಲಿ ಫೇಸ್ ಹೋಯ್ತು, ಕರೆಂಟೇ ಹೋಯ್ತು ಅಂತ ಎಮರ್ಜೆನ್ಸಿ ಲೈಟೆಲ್ಲ ಬ್ಯಾಟರಿ ಮೇಲೆ ಆನ್, ಬೆಳಕಿನ ಬಣ್ಣದ ಅಳತೇಲಿ ಆರೂವರೆ ಸಾವಿರ ಕೆಲ್ವಿನ್, ಮಾರ್ಚುರಿ ಬಿಳಿ. ಎದ್ದು ಬಾಗಿಲ ಕಡೆ ಹೋದೆ. ಟೈಲರ್ ಕತ್ತಿ ಅಡ್ಡ ಇಟ್ಟು "ಕೂತ್ಕೋಪ್ಪ" ಅಂದ್ರು. "ಸರ್, ಎಂಸಿಬಿ ಇರೋ ಡಿಬಿ ಬೋರ್ಡು ಒಳಗಿದೆ, ನಾನೇ ಹೋಗಬೇಕು." "ಹೋಗೋ ಹಾಗಿಲ್ಲ." ಒಳಗಿದ್ದೋರ ಫೋನೆಲ್ಲ ಆಫ್. ಕೊನೆಗೆ ಟೈಲರ್ ಬಾಗಿಲು ಬಡಿದ್ರು, ಒಳಗಡೆ ಬಾಗಿಲು ಕಾಯೋ ಇನ್ನರ್ ಗಾರ್ಡ್ ಒಂದು ಸಂದಿ ತೆಗೆದ್ರು, ನಾನು "ಎಲ್ 3 ಎಂಸಿಬಿ ಮೇಲೆ ಮಾಡಿ, ಆಮೇಲೆ ಸ್ವಿಚ್ ಆಫ್ ಮಾಡಿ" ಅಂತ ಪಿಸುಗುಟ್ಟಿದೆ, ಅದನ್ನ ಟೈಲರ್ ಇನ್ನರ್ ಗಾರ್ಡ್‌ಗೆ, ಅವರು ಜೂನಿಯರ್ ವಾರ್ಡನ್‌ಗೆ, ವಾರ್ಡನ್ ಎದ್ದು ನಿಂತು ಮಾಸ್ಟರ್‌ಗೆ ರಿಪೋರ್ಟು, ಅವರ ಪದ್ಧತಿ ಹಾಗೆ. ದೂರನ್ನ ಮೇಲಮೇಲಕ್ಕೆ ಕಳಿಸೋ ನಮ್ಮ ಆಫೀಸಿನ ಎಸ್ಕಲೇಶನ್ ಮ್ಯಾಟ್ರಿಕ್ಸೇ ವಾಸಿ ಅನ್ನಿಸಿದ್ದು ಜೀವನದಲ್ಲಿ ಅದೊಂದೇ ಸಲ. ವಾಪಸ್ ಬಂದ ಉತ್ತರ, "ಎಲ್ 3 ಯಾವುದು ಅಂತ ಕಾಣ್ತಿಲ್ಲವಂತೆ." ಲೇಬಲ್ ಪ್ರಿಂಟರ್ ಕೆಟ್ಟಿದೆ, ಆಮೇಲೆ ಹಾಕಿಸ್ತೀನಿ ಅಂತ ಪೆನ್ಸಿಲಲ್ಲಿ ಗೀಚಿದ್ದೆ. ಎಡಗಡೆಯಿಂದ ಎಣಿಸಿ ಅಂತ ಮತ್ತೆ ಅದೇ ಸರಪಳಿ. ಬೀಪ್ ನಿಂತಾಗ ನನ್ನ ಶರ್ಟ್ ಬೆನ್ನಿಗೆ ಅಂಟಿತ್ತು.

ಅವತ್ತು ನಡೀತಿದ್ದಿದ್ದು ಮೂರನೇ ಡಿಗ್ರಿ, ಅಂದ್ರೆ ಮೆಂಬರ್‌ಗೆ ಕೊಡೋ ಮೂರು ಹಂತದ ದೀಕ್ಷೇಲಿ ಮೂರನೇದು. ರಾತ್ರಿ ಕ್ಯಾಬಲ್ಲಿ ಕೂತು ಹುಡುಕಿದ್ರೆ ಎಲ್ಲಾ ಸಿಗ್ತು. ಪ್ರಿಚರ್ಡ್ ಅನ್ನೋನು 1730ರಲ್ಲೇ ಲಂಡನ್ನಲ್ಲಿ ಇವರ ಮೂರೂ ಡಿಗ್ರಿಯ ವಿಧಿ ಅಚ್ಚು ಹಾಕ್ಸಿ ಮಾರಿದ್ದಾನೆ! ಮೊದಲನೇ ಡಿಗ್ರೀಲಿ ಹೊಸಬನ ಕಣ್ಣಿಗೆ ಪಟ್ಟಿ, ಪ್ರಮಾಣ ಆದ್ಮೇಲೆ ಪಟ್ಟಿ ಬಿಚ್ಚಿ ಬೆಳಕು. ಎದುರಿಗೆ ಧರ್ಮಗ್ರಂಥ, ಇಂಡಿಯಾದಲ್ಲಿ ಗೀತೆ, ಕುರಾನ್, ಬೈಬಲ್ ಎಲ್ಲಾ ಒಟ್ಟಿಗೇ ಇಡೋದೂ ಉಂಟು. ಮೂರನೇದ್ರಲ್ಲಿ ಸಾಲೊಮನ್ ದೇವಾಲಯದ ಶಿಲ್ಪಿ ಹಿರಾಮ್‌ನ ಕೊಲೆ ಕಥೆ, ಗುಟ್ಟು ಬಿಟ್ಟುಕೊಡದೆ ಸತ್ತೋನು, ಹೊಸಬನೇ ಆ ಹಿರಾಮ್ ಪಾತ್ರ. ಎಲ್ಲಾ ದೀಪ ಆರಿಸಿ ಮಾಸ್ಟರ್ ಮುಂದಿನ ಒಂದೇ ಬತ್ತಿ ಉಳಿಸ್ತಾರೆ. "ಆ ಬತ್ತಿ ಇರೋದೇ ಕತ್ತಲೆ ಎಷ್ಟಿದೆ ಅಂತ ತಿಳಿಯಕ್ಕೆ" ಅಂತ ಕರ್ನಲ್ ಆಮೇಲೆ ಹೇಳಿದ್ರು, ಬೈಯಲಿಲ್ಲ, ಬೈದಿದ್ರೆ ವಾಸಿ ಇತ್ತು. ಅಂಥ ಹೊತ್ತಲ್ಲಿ ಆ ಹೊಸಬನ ಮುಖದ ಮೇಲೆ ಬಿದ್ದಿದ್ದು ನಮ್ಮ ಮಾರ್ಚುರಿ ಲೈಟು.

ರಿಪೇರಿ ದೊಡ್ಡದೇನಲ್ಲ. ಇಂಡಿಕೇಟರ್ ಸ್ವಿಚ್ ಕಿತ್ತು ಪ್ಲೇನ್ ಸ್ವಿಚ್, ಹಾಲ್ ಲೈಟಿಗೆಲ್ಲ ಒಂದು ಕಂಟ್ಯಾಕ್ಟರ್ (ಎಲ್ಲಾನೂ ಒಟ್ಟಿಗೆ ಆನ್-ಆಫ್ ಮಾಡೋ ದೊಡ್ಡ ಸ್ವಿಚ್ಚು), ಕರೆಂಟ್ ಇದೆಯಾ ಅಂತ ಎಮರ್ಜೆನ್ಸಿ ಲೈಟು ನೋಡೋ ವೈರು ಎಂಸಿಬಿ ಆದ್ಮೇಲೆ ಕಂಟ್ಯಾಕ್ಟರ್‌ಗೆ ಮುಂಚೆ. ಬೇಕಂತ ಕತ್ತಲೆ ಮಾಡಿದ್ರೆ ಸುಮ್ಮನಿರತ್ತೆ, ನಿಜವಾಗ್ಲೂ ಸಪ್ಲೈ ಹೋದ್ರೆ ಹತ್ತತ್ತೆ. ಎಕ್ಸಿಟ್ ಬೋರ್ಡಿನ ಹಸಿರು ಮಾತ್ರ ತೆಗೆಯಕ್ಕಾಗಲ್ಲ ಅಂತ ಹೇಳ್ದೆ, ಕರ್ನಲ್ ಒಪ್ಪಿದ್ರು. ಹ್ಯಾಂಡೋವರ್ ಚೆಕ್‌ಲಿಸ್ಟಲ್ಲಿ "ಎಲ್ಲಾ ಆಫ್ ಮಾಡಿ ಕತ್ತಲೇಲಿ ನೋಡಿ" ಅಂತ ಒಂದು ಲೈನ್ ಸೇರ್ಸಿ ಅಂತ ಕ್ವಾಲಿಟಿ ನೋಡೋ ಕ್ಯೂಎ ಟೀಮಿಗೆ ಮೇಲ್ ಹಾಕಿದೀನಿ. ಟೆಂಪ್ಲೇಟ್ ಫ್ರೀಜ್ ಆಗಿದೆಯಂತೆ, ರಿಮಾರ್ಕ್ಸ್ ಕಾಲಮಲ್ಲಿ ಬರ್ಕೊಳಿ ಅಂದ್ರು. ಸೇಲ್ಸ್‌ನವನು ಈ ಕಂಟ್ಯಾಕ್ಟರ್ ಪ್ಯಾನೆಲ್‌ಗೆ ಆಗ್ಲೇ ಬೇರೆ ರೇಟ್ ಹಾಕಿ ಇನ್ನೊಬ್ಬರಿಗೆ ಕೋಟ್ ಕಳ್ಸಿದ್ದಾನೆ.