ಪ್ಯಾಂಟಿನ ಮಂಡಿ ನೋಡಿ ಕಳ್ಳನನ್ನು ಹಿಡಿದದ್ದು

ಪಾಠ ಬೇಗ ಮುಗಿದ ದಿನ ನಮ್ಮ ಇಂಗ್ಲಿಷ್ ಮೇಷ್ಟ್ರು ಷರ್ಲಾಕ್ ಹೋಮ್ಸ್ ಕಥೆ ಓದಿ ಹೇಳುತ್ತಿದ್ದರು. ಕಳ್ಳ ಇನ್ನೇನು ಸಿಕ್ಕಿಬೀಳಬೇಕು, ಅಷ್ಟರಲ್ಲಿ ಪುಸ್ತಕ ಮುಚ್ಚಿ, "ಯಾರು ಅಂತ ನೀವೇ ಹೇಳ್ರಪ್ಪಾ" ಎನ್ನುತ್ತಿದ್ದರು. ನಮಗೆ ಎಲ್ಲಿಲ್ಲದ ಸಿಟ್ಟು.

1891ರ 'ರೆಡ್ ಹೆಡೆಡ್ ಲೀಗ್' ಓದಿದ ದಿನವಂತೂ ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ. ಗಿರವಿ ಅಂಗಡಿಯವನೊಬ್ಬನಿಗೆ ಕೆಂಪು ಕೂದಲಿದೆ ಅಂತ ಕೆಲಸ ಸಿಗುತ್ತದೆ. ದಿನಾ ನಾಲ್ಕು ಗಂಟೆ ಕೂತು ವಿಶ್ವಕೋಶವನ್ನು ನಕಲು ಮಾಡುವುದು, ವಾರಕ್ಕೆ 4 ಪೌಂಡ್ ಎಣಿಸಿಕೊಳ್ಳುವುದು! ಅತ್ತ ಅವನ ಅಂಗಡಿಯಲ್ಲಿ ಅರ್ಧ ಸಂಬಳಕ್ಕೆ ಬಂದ ಸಹಾಯಕ. ಹೋಮ್ಸ್ ಅಂಗಡಿಯ ಬಾಗಿಲು ತಟ್ಟಿ ಸುಮ್ನೆ ದಾರಿ ಕೇಳಿ ಬರುತ್ತಾನೆ. ಅವನಿಗೆ ದಾರಿ ಬೇಕಿರಲಿಲ್ಲ, ಆ ಸಹಾಯಕನ ಮುಖವೂ ಬೇಕಿರಲಿಲ್ಲ. ನೋಡಬೇಕಿದ್ದದ್ದು ಪ್ಯಾಂಟಿನ ಮಂಡಿ. ಅದು ಸವೆದು, ಸುಕ್ಕುಗಟ್ಟಿ, ಕೊಳೆಯಾಗಿತ್ತು. ಮಂಡಿಯೂರಿ ಸುರಂಗ ತೋಡುವವನ ಪ್ಯಾಂಟು ಇನ್ನು ಹೇಗಿರುತ್ತದೆ? ಹಿಂದಿನ ಬೀದಿಯಲ್ಲೇ ಬ್ಯಾಂಕು. ಕೆಂಪು ಕೂದಲಿನ ಕೆಲಸವೆಲ್ಲ ಯಜಮಾನನನ್ನು ಅಂಗಡಿಯಿಂದ ದೂರ ಇಡುವ ನೆಪ.

ಆ ಸಹಾಯಕ ಮಾತೆತ್ತಿದರೆ ನೆಲಮಾಳಿಗೆಗೆ ಇಳಿಯುತ್ತಾನೆ ಅಂತ ಕಥೆಯ ಶುರುವಿನಲ್ಲೇ ಬರುತ್ತದೆ. ಫೋಟೊ ತೊಳೆಯುವ ಹುಚ್ಚು ಅಂತ ಯಜಮಾನ ನಂಬಿದ್ದ. ನಾವೂ ನಂಬಿದ್ದೆವು. ಮೇಷ್ಟ್ರು ಆ ಸಾಲನ್ನು ಮತ್ತೆ ಓದಿದಾಗ ಇಡೀ ಕ್ಲಾಸು "ಅಯ್ಯೋ!" ಎಂದಿತು. ಕಳ್ಳ ಯಾರೆಂದು ತಿಳಿಯುವುದಕ್ಕಿಂತ ಈ "ಅಯ್ಯೋ"ದಲ್ಲೇ ಮಜಾ ಜಾಸ್ತಿ, ಅಲ್ವಾ? ಅದಕ್ಕೇ ಇರಬೇಕು, ಉತ್ತರ ಗೊತ್ತಿದ್ದರೂ ಈ ಕಥೆಗಳನ್ನು ಈಗಲೂ ತಿರುಗಿ ಓದುತ್ತೇನೆ.

ಎಲ್ಲವೂ ಅಷ್ಟು ಗಟ್ಟಿಯಲ್ಲ ಬಿಡಿ. ಹೋಮ್ಸ್‌ನದೇ ಇನ್ನೊಂದು ಕಥೆ 'ಸ್ಪೆಕಲ್ಡ್ ಬ್ಯಾಂಡ್'ನಲ್ಲಿ ಹಾಲು ಕುಡಿಯುವ ಹಾವು ಶಿಳ್ಳೆ ಕೇಳಿ ಹಗ್ಗ ಹತ್ತಿ ವಾಪಸ್ ಹೋಗುತ್ತದೆ. ನಮ್ಮ ಜೀವಶಾಸ್ತ್ರದ ಮೇಡಂ ಕೇಳಿ ನಕ್ಕುಬಿಟ್ಟರು. ಆದರೂ ಕತ್ತಲೆ ಕೋಣೆಯಲ್ಲಿ ಹೋಮ್ಸ್, ಅವನ ಗೆಳೆಯ ವಾಟ್ಸನ್ ಕಾದು ಕೂರುವ ಆ ಪುಟಗಳಿಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಈಗಿನ ವಿದ್ಯಾರ್ಥಿಗಳಿಗೆ ಒಂದು ಹೇಳುತ್ತೇನೆ. ಹೋಮ್ಸ್ ಮುಗಿದ ಮೇಲೆ ಇಂಗ್ಲಿಷ್ ಲೇಖಕ ಚೆಸ್ಟರ್‌ಟನ್‌ನ ಫಾದರ್ ಬ್ರೌನ್ ಎಂಬ ಪತ್ತೇದಾರ ಪಾದ್ರಿಯ ಕಥೆಗಳಿಗೆ ಬನ್ನಿ. 'ಇನ್ವಿಸಿಬಲ್ ಮ್ಯಾನ್' ಅಂತ ಒಂದಿದೆ. ಎಚ್.ಜಿ. ವೆಲ್ಸ್‌ನ ಕಾದಂಬರಿಯಲ್ಲ, ಅದು ಬೇರೆ. ಇದರಲ್ಲಿ ಕೊಲೆಯಾದ ಕಟ್ಟಡವನ್ನು ನಾಲ್ವರು ಕಾಯುತ್ತಿದ್ದರು. ಯಾರೂ ಒಳಗೆ ಹೋಗಲಿಲ್ಲ ಎನ್ನುತ್ತಾರೆ, ಅವರು ಸುಳ್ಳು ಹೇಳುವವರೂ ಅಲ್ಲ. ಆದರೆ ಹಿಮದ ಮೇಲೆ ಹೆಜ್ಜೆ ಗುರುತಿದೆ. ಮಂಡಿಯ ಗುಟ್ಟನ್ನೇನೋ ಬಿಟ್ಟುಕೊಟ್ಟೆ, ಇದನ್ನು ಮಾತ್ರ ಹೇಳುವುದಿಲ್ಲ. ಯಾರು ಅಂತ ನೀವೇ ಹುಡುಕಿ.